ಭಾನುವಾರದ ಸೀಟು

"ಗಟ್ಟಿಯಾಗಿ ಹಿಡ್ಕೋ. ಹ್ಯಾಂಡಲ್ ಅಲ್ಲಾಡ್ತಿದೆ."

ಮಗಳು ಸೈಕಲ್ಲಿನ ಮುಂದಿನ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಹ್ಯಾಂಡಲನ್ನು ಅದುಮಿ ಹಿಡಿದಳು. ವಾಚಿನವರು ಬಗ್ಗಿ, ಸೀಟಿನ ಕೆಳಗಿನ ನಟ್ಟಿಗೆ ಸ್ಪ್ಯಾನರು ಕೊಟ್ಟು ಎರಡು ಸುತ್ತು ಸಡಿಲಿಸಿದರು. ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸುತ್ತ ಮೇಲಕ್ಕೆಳೆದರು. ನಾಲ್ಕು ಬೆರಳಿನಷ್ಟು ಎದ್ದು ಬಂತು. ಆಮೇಲೆ ಒಂದು ಕಣ್ಣು ಮುಚ್ಚಿ, ಸೀಟಿನ ಮೂತಿ ಹ್ಯಾಂಡಲಿನ ನಡುವಿಗೆ ನೇರವಾಗಿದೆಯೇ ಎಂದು ನೋಡಿದರು. ಕೂದಲೆಳೆಯಷ್ಟು ಎಡಕ್ಕಿತ್ತು. ಸರಿಮಾಡಿದರು. ಮತ್ತೆ ನೋಡಿದರು. ನಟ್ಟು ಬಿಗಿಮಾಡುವಾಗ ಕೊನೆಯ ಕಾಲು ಸುತ್ತಿಗೆ ಅವರ ಕುತ್ತಿಗೆಯ ನರ ಎದ್ದುಬಂತು.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಅವರನ್ನು ಊರು ವಾಚಿನವರು ಎಂದೇ ಕರೆಯುತ್ತಿತ್ತು. ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಅವರ ಹೆಂಡತಿಗೂ ಊರು ಇಟ್ಟ ಹೆಸರೇ ಇತ್ತು: ಮೀಟರಮ್ಮ. ಇಪ್ಪತ್ನಾಲ್ಕು ವರ್ಷ ಮನೆಮನೆಯ ನೀರಿನ ಮೀಟರು ಓದಿ ಬರೆದುಕೊಂಡು, ಮೂರು ವರ್ಷದ ಹಿಂದೆ ಆಫೀಸಿನ ಸೈಕಲ್ಲಿನ ಜೊತೆಗೇ ನಿವೃತ್ತರಾದವರು. ಶುಕ್ರವಾರ ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದವರು, ಕ್ಲಿಪ್ಪು ಕೈಯಲ್ಲಿರುವಾಗಲೇ ಕುಸಿದಿದ್ದರು. ಪಕ್ಕದ ಮನೆಯವರು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ದೂರದವರು ಬಂದು ಸೇರಲಿ ಎಂದು ಮಣ್ಣು ಮಾಡುವುದನ್ನು ಭಾನುವಾರಕ್ಕೆ ಇಟ್ಟುಕೊಂಡಿದ್ದರು. ಹನ್ನೊಂದಕ್ಕೆ ಗಾಡಿ ಬರಬೇಕು. ಈಗ ಒಂಬತ್ತೂವರೆ.

ಅಡುಗೆಮನೆಯ ಹಿಂಬಾಗಿಲಲ್ಲಿ ವಾಚಿನವರ ತಂಗಿ ಕಾಣಿಸಿಕೊಂಡಳು. ಮನೆಯೊಳಗೂ ಹೊರಗೂ ಓಡಾಡಿ ಅವಳ ಮುಖ ಕೆಂಪಗಾಗಿತ್ತು.

"ಅಣ್ಣಾ, ಇಲ್ಲಿದ್ದೀಯಾ? ಮನೆ ತುಂಬ ಜನ ನಿನ್ನ ಕೇಳ್ತಿದ್ದಾರೆ. ಹೊತ್ತಿಲ್ಲ ಗೊತ್ತಿಲ್ಲ, ಏನೋ ಇದು?"

"ಸೀಟು ಇಳಿದಿತ್ತು."

"ಇಳೀಲಿ ಬಿಡೋ! ಇವತ್ತು ಯಾರು ಹತ್ಕೊಂಡು ಹೋಗ್ಬೇಕಿತ್ತು ಅದನ್ನ?" ಎಂದವಳು, ಮಾತು ಬಾಯಿಂದ ಬಿದ್ದಮೇಲೆ ನಾಲಿಗೆ ಕಚ್ಚಿಕೊಂಡಳು.

ವಾಚಿನವರು ಅಂಗೈಯನ್ನು ಸೀಟಿನ ಮೇಲಿಟ್ಟು ಮೈಭಾರವನ್ನೆಲ್ಲ ಬಿಟ್ಟು ಒತ್ತಿದರು. ಸೀಟು ಮಿಸುಕಲಿಲ್ಲ. ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿ ಗೂಡಿನಲ್ಲಿಟ್ಟರು.

"ಇವತ್ತು ಭಾನುವಾರ," ಎಂದರು. ಕೈ ತೊಳೆಯಲು ನಲ್ಲಿಯ ಕಡೆ ಹೋದರು.

ತಂಗಿ ಅಣ್ಣನ ಬೆನ್ನನ್ನು ನೋಡಿದಳು, ಆಮೇಲೆ ಅವನ ಮಗಳನ್ನು.

"ನೋಡಮ್ಮ, ನಿಮ್ಮಪ್ಪನ ಮೇಲೆ ಒಂದು ಕಣ್ಣಿಟ್ಟಿರು. ಮಾತಿಲ್ಲ ಕತೆಯಿಲ್ಲ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಅತ್ತುಬಿಟ್ರೆ ಹಗುರಾಗುತ್ತೆ. ಈ ಮನುಷ್ಯ ಚಿಕ್ಕಂದಿನಿಂದಲೂ ಹೀಗೇ, ಬಾಯಿಗೆ ಬೀಗ ಹಾಕಿ ಬೀಗದಕೈ ಬಾವಿಗೆ ಎಸೆದ ಹಾಗೆ."

*

ಕೆಲಸ ಸಿಕ್ಕಾಗ ಮೀಟರಮ್ಮನಿಗೆ ಮೂವತ್ನಾಲ್ಕು. ಮಗಳು ಮೂರನೇ ತರಗತಿಯಲ್ಲಿದ್ದಳು. ನೀರಿನ ಆಫೀಸಿನಲ್ಲಿ ಅದುವರೆಗೆ ಮೀಟರು ಓದುತ್ತಿದ್ದವರೆಲ್ಲ ಗಂಡಸರು. "ಹೆಂಗಸರಿಗೆ ಯಾವ ಮನೆಯವರೂ ಬಾಗಿಲು ಹಾಕೋದಿಲ್ಲ, ಅದೊಂದು ಅನುಕೂಲ," ಎಂದು ದೊಡ್ಡ ಸಾಹೇಬರು ಹೇಳಿದರಂತೆ. ಅನುಕೂಲದ ಜೊತೆಗೆ ಒಂದು ಟಾರ್ಚು, ಒಂದು ರಬ್ಬರ್ ಹೊದಿಕೆಯ ಪುಸ್ತಕ, ಒಂದು ಸೈಕಲ್ಲು ಕೊಟ್ಟರು.

ಸೈಕಲ್ಲು ಅವರಿಗಿಂತ ಮೊದಲು ಇದ್ದವನದ್ದು. ಬಿದಿರು ಎಂದು ಅಡ್ಡಹೆಸರಿದ್ದ ಉದ್ದನೆಯ ಆಸಾಮಿ. ಅವನ ಕೈಯಲ್ಲಿ ಅದು ಏನೇನು ಅನುಭವಿಸಿತ್ತೋ, ಚಕ್ರ ಒಂದು ಸೈಕಲ್ಲಿನದು, ಹ್ಯಾಂಡಲ್ ಇನ್ನೊಂದರದು, ಸೀಟಿನ ಕೆಳಗಿನ ಕೊಳವೆ ಮತ್ಯಾವುದರದೋ. ಮೀಟರಮ್ಮ ಶಾಲೆಯ ಮೈದಾನದಲ್ಲಿ ಹತ್ತು ದಿನ ಬಿದ್ದು ಎದ್ದು ಸೈಕಲ್ಲು ಕಲಿತರು. ಹನ್ನೊಂದನೆಯ ದಿನ ಕೆಲಸಕ್ಕೆ ಹೋದರು.

ಸಂಜೆ ನಾಲ್ಕಕ್ಕೆ ವಾಚಿನ ಅಂಗಡಿಯ ಮುಂದೆ ಇಳಿದಾಗ ಮುಖ ಬೆವರಿ ಮಿಂಚುತ್ತಿತ್ತು.

"ರೀ, ಇದೇನೋ ಮಾಟದ ಸೈಕಲ್ಲು ಕಣ್ರೀ. ಬೆಳಿಗ್ಗೆ ಹೊರಟಾಗ ದೊಡ್ಡ ಹೆಂಗಸಾಗಿದ್ದೆ, ಬರ್ತಾ ಬರ್ತಾ ಮಗು ಆಗೋದೆ. ಮೊಣಕಾಲು ಗದ್ದಕ್ಕೆ ಬಡೀತಿತ್ತು!"

ಕೆಲಸದಲ್ಲಿದ್ದಾಗ ವಾಚಿನವರನ್ನು ಮಾತಾಡಿಸುವಂತಿರಲಿಲ್ಲ. ಮಾತಿಗೆ ಕೈ ನಡುಗುತ್ತದೆ, ಕೈ ನಡುಗಿದರೆ ಸಾಸಿವೆಗಿಂತ ಸಣ್ಣ ತಿರುಪು ಎಲ್ಲೋ ಹಾರಿಹೋಗುತ್ತದೆ. ಅವರು ಕಣ್ಣಿನಿಂದ ಭೂತಗನ್ನಡಿ ತೆಗೆಯದೆಯೇ ಹೇಳಿದರು: "ಭಾನುವಾರ ನೋಡ್ತೀನಿ."

"ಸೈಕಲ್ ಅಂಗಡೀಲಿ ತೋರಿಸ್ಲಾ?"

"ಬೇಡ. ನಾನೇ ನೋಡ್ತೀನಿ."

ಗಡಿಯಾರದೊಳಗಿನ ಕೂದಲಿನಂಥ ಸುರುಳಿಯನ್ನು ಕೂಡಿಸುವ ಕೈಗೆ ಒಂದು ಸೈಕಲ್ ಸೀಟು ಯಾವ ಲೆಕ್ಕ? ಭಾನುವಾರ ಬೆಳಿಗ್ಗೆ ಮನೆಯ ಹಿಂದಿನ ಓಣಿಯಲ್ಲಿ ಬಿಗಿಮಾಡಿದರು. ಬುಧವಾರ ಇಳಿಯಿತು. ಮುಂದಿನ ಭಾನುವಾರ ಕೊಳವೆಯನ್ನು ಸೀಮೆಎಣ್ಣೆಯಲ್ಲಿ ಒರೆಸಿ ಬಿಗಿಮಾಡಿದರು. ಗುರುವಾರ ಇಳಿಯಿತು. ನಟ್ಟು ಬದಲಾಯಿಸಿದರು. ಕೊಳವೆಗೆ ಉಪ್ಪುಕಾಗದ ತಿಕ್ಕಿದರು. ಸೀಟು ತನ್ನ ಹಟ ಬಿಡಲಿಲ್ಲ, ಅವರೂ ಬಿಡಲಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಅಲ್ಲಿಂದ ಪ್ರತಿ ಭಾನುವಾರ ಅರ್ಧ ಗಂಟೆ ಆ ಓಣಿ ಅವರಿಬ್ಬರದು. ಅವರು ಸ್ಪ್ಯಾನರು ಹಿಡಿಯುವುದು, ಹೆಂಡತಿ ಮುಂದಿನ ಚಕ್ರವನ್ನು ಮೊಣಕಾಲಿನಲ್ಲಿ ಸಿಕ್ಕಿಸಿಕೊಂಡು ಹ್ಯಾಂಡಲ್ ಹಿಡಿಯುವುದು. ಹಿಡಿದವರ ಬಾಯಿ ಖಾಲಿ ಇರುತ್ತಿತ್ತಲ್ಲ, ವಾರದ ಸುದ್ದಿಯೆಲ್ಲ ಬರುತ್ತಿತ್ತು. ಮೂರನೇ ಬೀದಿಯ ದರ್ಜಿ ಮೀಟರಿನ ಮೇಲೆ ಹೂಕುಂಡ ಇಟ್ಟು ಮರೆತದ್ದು. ಕೆರೆಯ ಪಕ್ಕದ ಮನೆಯ ಅವಳಿಗಳಲ್ಲಿ ಒಬ್ಬಳು ಓಡಿಹೋಗಿ ಇನ್ನೊಬ್ಬಳು ಆನಂದವಾಗಿರುವುದು. ನಾಯಿಗೆ ಹೆದರಿ ಗೇಟು ಹತ್ತಿ ಕೂತದ್ದು, ಆ ನಾಯಿಗೆ ಹಲ್ಲೇ ಇಲ್ಲವೆಂದು ಆಮೇಲೆ ಗೊತ್ತಾದದ್ದು. ವಾಚಿನವರು ಹೂಂಗುಟ್ಟುತ್ತ ಕೇಳುತ್ತಿದ್ದರು. ಕೈಗೆ ಏನಾದರೂ ಕೆಲಸವಿಲ್ಲದೆ ಅವರಿಗೆ ಕೂತು ಕೇಳಲು ಬರುತ್ತಿರಲಿಲ್ಲ. ಸ್ಪ್ಯಾನರಿನ ಕೆಲಸ ಕಣ್ಣನ್ನಷ್ಟೇ ಕೇಳುತ್ತಿತ್ತು, ಕಿವಿಯನ್ನು ಬಿಟ್ಟುಕೊಡುತ್ತಿತ್ತು.

ಒಳಗೆ ಕೂತು ಮನೆಪಾಠ ಬರೆಯುತ್ತಿದ್ದ ಮಗಳಿಗೆ ಒಮ್ಮೊಮ್ಮೆ ಒಂದು ವಿಚಿತ್ರವಾದ ಸದ್ದು ಕೇಳಿಸುತ್ತಿತ್ತು. ಕೆಮ್ಮೋ ಎಂದುಕೊಳ್ಳುವಳು. ಅಪ್ಪ ನಗುತ್ತಿರುತ್ತಿದ್ದರು.

*

ಹತ್ತೂವರೆಗೆ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಷ್ಟು ಜನ ಬರಬಹುದೆಂದು ಯಾರೂ ಎಣಿಸಿರಲಿಲ್ಲ. ಬಂದವರು ತಮ್ಮನ್ನು ತಾವು ಪರಿಚಯಿಸಿಕೊಳ್ಳುವ ರೀತಿಯೇ ಬೇರೆಯಾಗಿತ್ತು.

"ನಮ್ಮದು ಬಚ್ಚಲ ಹಿಂದೆ ಮೀಟರಿರೋ ಮನೆ," ಎಂದಳು ಒಬ್ಬಳು.

"ನಮ್ಮ ಮೀಟರಿನ ಗಾಜು ಒಡೆದಿತ್ತು. ಅವರೇ ಬರೆದು ಹಾಕಿಸಿಕೊಟ್ರು," ಎಂದ ಇನ್ನೊಬ್ಬ.

ಆಫೀಸಿನ ಗುಮಾಸ್ತರು ಬಿಳಿ ಹೂವಿನ ಚಕ್ರ ಹಿಡಿದು ಬಂದರು. ವಾಚಿನವರ ಎದುರು ನಿಂತು ಏನೋ ದೊಡ್ಡ ಮಾತು ಹೇಳಲು ಗಂಟಲು ಸರಿಮಾಡಿಕೊಂಡು, ಕೊನೆಗೆ, "ಇಪ್ಪತ್ನಾಲ್ಕು ವರ್ಷದಲ್ಲಿ ಅವರು ಬರೆದ ಒಂದು ಅಂಕೀನೂ ನಾನು ತಿದ್ದಲಿಲ್ಲ ಸಾರ್. ನನ್ನ ಅಂಕಿಗಳನ್ನ ಅವರು ತಿದ್ದಿದ್ದಾರೆ," ಎಂದು ಕಣ್ಣು ಒರೆಸಿಕೊಂಡರು. ವಾಚಿನವರು ತಲೆಯಾಡಿಸಿದರು.

ಗೋಡೆಯ ಪಕ್ಕದ ಕುರ್ಚಿಯಲ್ಲಿ ಹಣ್ಣುಹಣ್ಣು ಮುದುಕಿಯೊಬ್ಬರು ಕೋಲಿನ ಮೇಲೆ ಗದ್ದವೂರಿ ಕೂತಿದ್ದರು. ಸಂಗೀತದ ಟೀಚರು. ಕಿವಿ ಮಂದವಾದ್ದರಿಂದ ಅವರ ಪಿಸುಮಾತೂ ಕೋಣೆಯ ತುಂಬ ಕೇಳುತ್ತಿತ್ತು.

"ನಾನು ಹೋಗಿ ಹದಿನೈದು ವರ್ಷ ಆಗಬೇಕಿತ್ತು. ಇವಳು ಬಿಡಲಿಲ್ಲ," ಎಂದು ಅವರು ಪಕ್ಕದಲ್ಲಿದ್ದ ವಾಚಿನವರ ತಂಗಿಗೆ ಹೇಳಿದರು. "ಈಗ ನೋಡು, ನನ್ನ ಇಲ್ಲಿ ಕೂರಿಸಿ ತಾನು ಹೊರಟಳು. ಇದು ನ್ಯಾಯವಾ?"

"ಏನಾಗಿತ್ತು ಟೀಚರ್?" ಎಂದು ತಂಗಿ ಕೂಗಿ ಕೇಳಿದಳು.

"ಏನಾಗಿತ್ತು ಅಂದ್ರೆ? ನಾನು ಬಿದ್ದೆ, ಅವಳೂ ಬಿದ್ದಳು!"

*

ಸಂಗೀತದ ಟೀಚರು ಒಂಟಿ. ತಿಂಗಳಿಗೊಮ್ಮೆ ಮೀಟರಮ್ಮ ಬರುವ ದಿನ ಅವರಿಗೆ ನೆನಪಿರುತ್ತಿತ್ತು. ಗಂಟೆ ಬಾರಿಸುವ ಮೊದಲೇ ಬಾಗಿಲು ತೆರೆದು, ಕೈಯಲ್ಲಿ ನೀರಿನ ಲೋಟ ಹಿಡಿದು ನಿಂತಿರುತ್ತಿದ್ದರು. "ನಿನ್ನ ಬ್ರೇಕಿನ ಶ್ರುತಿ ಮೈಲಿ ದೂರದಿಂದಲೇ ಗೊತ್ತಾಗುತ್ತೆ," ಎನ್ನುವರು.

ಆ ತಿಂಗಳು ಬಾಗಿಲು ತೆರೆಯಲಿಲ್ಲ. ಮೀಟರಮ್ಮ ಗಂಟೆ ಬಾರಿಸಿದರು. ಕೂಗಿದರು. ಮೀಟರು ಗೇಟಿನ ಹೊರಗೇ ಇತ್ತು, ಓದಿ ಬರೆದುಕೊಂಡು ಹೋಗಿಬಿಡಬಹುದಿತ್ತು. ಪಕ್ಕದ ಮನೆಗಳಿಗೆ ಬೀಗ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಅವರು ಸೈಕಲ್ಲನ್ನು ಸ್ನಾನದ ಮನೆಯ ಗೋಡೆಗೆ ಒರಗಿಸಿ, ಪೆಡಲಿನ ಮೇಲೆ ಒಂದು ಕಾಲು, ಸೀಟಿನ ಮೇಲೆ ಇನ್ನೊಂದು ಕಾಲು ಇಟ್ಟು ಹತ್ತಿ ಮೇಲಿನ ಸಣ್ಣ ಕಿಟಕಿಯಲ್ಲಿ ಇಣುಕಿದರು. ಒದ್ದೆ ನೆಲದ ಮೇಲೆ ಟೀಚರು ಬಿದ್ದಿದ್ದರು. ಕಣ್ಣು ತೆರೆದೇ ಇತ್ತು. ಹಿಂದಿನ ದಿನ ಬೆಳಿಗ್ಗೆಯಿಂದ ಹಾಗೇ ಇದ್ದರು.

"ಇದ್ದೀನಿ ಟೀಚರ್, ಇದ್ದೀನಿ! ಬಂದೆ!" ಎಂದು ಕೂಗುತ್ತಿದ್ದಂತೆಯೇ ಕಾಲ ಕೆಳಗಿನ ಸೀಟು ಗಕ್ಕನೆ ಕೆಳಗಿಳಿಯಿತು. ಮೀಟರಮ್ಮ ಕಲ್ಲಿನ ಚಪ್ಪಡಿಯ ಮೇಲೆ ಕೈಯೂರಿ ಬಿದ್ದರು. ಬಲಗೈಯ ಮಣಿಕಟ್ಟಿನಲ್ಲಿ ಏನೋ ಮುರಿದ ಸದ್ದು ಅವರಿಗೇ ಕೇಳಿಸಿತು. ಹಾಗೇ ಎದ್ದು, ಮುರಿದ ಕೈಯನ್ನು ಎದೆಗೆ ಅವಚಿಕೊಂಡು, ಎರಡು ಬೀದಿ ಓಡಿ ಬಡಗಿಯೊಬ್ಬನನ್ನು ಕರೆತಂದು ಬಾಗಿಲು ಒಡೆಸಿದರು.

ಟೀಚರು ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಎದ್ದುಬಂದರು. ಮೀಟರಮ್ಮನ ಕೈಗೆ ಆರು ವಾರ ಪಟ್ಟಿ. ಆಗ ಕಾಲೇಜಿನಲ್ಲಿದ್ದ ಮಗಳು ದಿನಾ ಬೆಳಿಗ್ಗೆ ಅಮ್ಮನ ತಲೆ ಬಾಚಿ ಜಡೆ ಹಾಕುತ್ತಿದ್ದಳು. ಪಟ್ಟಿ ಬಿಚ್ಚಿದ ಮೇಲೂ ಮಣಿಕಟ್ಟು ನೆಟ್ಟಗಾಗಲಿಲ್ಲ. ಕೊನೆಯವರೆಗೂ ಒಂದಿಷ್ಟು ಹೊರಗೆ ತಿರುಗಿಕೊಂಡೇ ಇತ್ತು.

*

ಸ್ಮಶಾನ ದೂರವೇನಿರಲಿಲ್ಲ. ಪೆಟ್ಟಿಗೆ ಇದ್ದ ಗಾಡಿ ಮುಂದೆ ನಿಧಾನವಾಗಿ ಸಾಗಿತು, ಜನ ಹಿಂದೆ ನಡೆದರು. ಬಿಸಿಲಿತ್ತು, ಗಾಳಿಯೂ ಇತ್ತು. ಗುಂಡಿಯ ಪಕ್ಕದಲ್ಲಿ ಗುಮಾಸ್ತರು ಬರೆದು ತಂದಿದ್ದ ನಾಲ್ಕು ಸಾಲು ಓದಿದರು. ಹಗ್ಗ ಹಿಡಿದವರು ಪೆಟ್ಟಿಗೆಯನ್ನು ಇಳಿಸುವಾಗ ಒಂದು ಬದಿ ಸ್ವಲ್ಪ ತಗ್ಗಿತು. ವಾಚಿನವರು ತಟ್ಟನೆ ಕೈ ಮುಂದೆ ಮಾಡಿ, "ಎಡಕ್ಕೆ, ಒಂಚೂರು ಎಡಕ್ಕೆ," ಎಂದರು. ಹಗ್ಗದವರು ಸರಿಮಾಡಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು.

ಹಿಂದಿರುಗುವಾಗ ಮಗಳ ಪಕ್ಕಕ್ಕೆ ಪಂಕ್ಚರಣ್ಣ ಬಂದ. ಮೂಲೆಯ ಸೈಕಲ್ ಅಂಗಡಿಯವನು. ಎಪ್ಪತ್ತು ದಾಟಿದ್ದರೂ ಉಗುರಿನ ಸಂದಿಯ ಕಪ್ಪು ಹಾಗೇ ಇತ್ತು. ಅವಳ ಚಿಕ್ಕಂದಿನ ಸೈಕಲ್ಲಿಗೆ ಪುಟ್ಟ ಚಕ್ರ ಹಾಕಿಕೊಟ್ಟವನೂ ಅವನೇ, ಬಿಚ್ಚಿದವನೂ ಅವನೇ.

"ಈಗ ಏನ್ಮಾಡ್ತಿದ್ದೀಯಮ್ಮ?"

"ಗಾಜಿನ ಕಾರ್ಖಾನೆ. ಬಾಟಲಿ ಪರೀಕ್ಷೆ ಮಾಡೋ ಕೆಲಸ. ದಿನಕ್ಕೆ ಎಂಟು ಗಂಟೆ ಬಿರುಕು ಹುಡುಕೋದು."

"ಒಳ್ಳೇದು, ಅಪ್ಪನ ಕಣ್ಣು ಬಂದಿದೆ." ಸ್ವಲ್ಪ ದೂರ ನಡೆದು ಕೇಳಿದ: "ಬರ್ತಾ ಹಿಂಬಾಗಿಲಿಂದ ಬಂದೆ. ಸೈಕಲ್ ನೋಡಿದೆ. ಇನ್ನೂ ಹಾಗೇ ಇದೆಯಾ ಆ ಸೀಟು? ಜಾರುತ್ತಾ?"

"ಜಾರುತ್ತೆ. ಇವತ್ತು ಬೆಳಿಗ್ಗೆಯೂ ಅಪ್ಪ ಬಿಗಿ ಮಾಡಿದ್ರು."

ಪಂಕ್ಚರಣ್ಣ ನಿಂತೇಬಿಟ್ಟ. "ಅಯ್ಯೋ ದೇವರೇ. ಐದು ನಿಮಿಷದ ಕೆಲಸ ಅದು. ಕೊಳವೆ ಒಂದು ಎಳೆ ಸಣ್ಣ, ಅಷ್ಟೇ. ಒಂದು ತಗಡಿನ ಪಟ್ಟಿ ಸುತ್ತಿ ಒಳಗಿಟ್ಟು ಬಿಗಿಮಾಡಿದ್ರೆ ಸಾಯೋವರೆಗೂ—" ಎಂದವನು ಮಾತು ನುಂಗಿದ. "ಅಂದ್ರೆ, ಅಲ್ಲಾಡ್ತಿರಲಿಲ್ಲ."

"ನಿಮಗೆ ಯಾವಾಗ ಗೊತ್ತಾಯ್ತು ಇದು?"

"ಇಪ್ಪತ್ತು ವರ್ಷದ ಮೇಲಾಯ್ತು. ನಮ್ಮ ಪಕ್ಕದ ಬೇಕರಿ ಸುಟ್ಟುಹೋಯ್ತಲ್ಲ, ಆ ವರ್ಷ. ಟೈರಿಗೆ ಗಾಳಿ ಹಾಕೋಕೆ ಬಂದಿದ್ರು. ನಾನು ಸೀಟು ಮುಟ್ಟಿ ನೋಡಿದೆ, ತಗಡೂ ಕತ್ತರಿಸಿದೆ. ನಿಮ್ಮಮ್ಮ ಕೈ ಹಿಡಿದು, ಬೇಡಣ್ಣ ಅಂದ್ರು."

"ಬೇಡ ಅಂದ್ಲಾ? ಯಾಕೆ?"

"ನಾನೂ ಅದನ್ನೇ ಕೇಳಿದೆ. 'ಅವರಿಗೆ ಭಾನುವಾರ ಒಂದು ಕೆಲಸ ಇರಲಿ. ಇದು ಸರಿಹೋದ್ರೆ ಆವತ್ತೂ ವಾಚು ಬಿಚ್ಕೊಂಡು ಕೂತ್ಬಿಡ್ತಾರೆ, ನಾನು ಗೋಡೆ ಜೊತೆ ಮಾತಾಡ್ಬೇಕು,' ಅಂದ್ರು. ಆಮೇಲೆ ನನ್ನ ಹತ್ರ ಆಣೆ ಹಾಕಿಸಿಕೊಂಡ್ರು, ಅವರಿಗೆ ಹೇಳ್ಬಾರ್ದು ಅಂತ. ಇವತ್ತಿನವರೆಗೆ ಹೇಳಿಲ್ಲ."

ಪಂಕ್ಚರಣ್ಣ ನಗಲು ಹೊರಟಿದ್ದ. ಅವಳ ಮುಖ ನೋಡಿ ನಿಲ್ಲಿಸಿದ.

"ಅದೇ ಸೀಟಿಂದ ಬಿದ್ದು ಅಮ್ಮ ಕೈ ಮುರ್ಕೊಂಡ್ಲು," ಎಂದಳು ಮಗಳು. "ಆರು ವಾರ ನಾನು ಅವಳಿಗೆ ಜಡೆ ಹಾಕಿದೀನಿ. ಸಾಯೋವರೆಗೂ ಆ ಕೈಯಲ್ಲಿ ಡಬ್ಬಿ ಮುಚ್ಚಳ ತೆಗೆಯೋಕೆ ಆಗ್ತಿರಲಿಲ್ಲ. ನೀವು ಆಣೆ ಕಾಪಾಡ್ತಾ ಕೂತಿದ್ರಾ?"

"ಅದು ಆದಾಗ ನನಗೂ ಹೊಟ್ಟೆ ಉರೀತಮ್ಮ. ತಗಡು ತಗೊಂಡು ಮನೆಗೇ ಬಂದೆ. ನಿಮ್ಮಮ್ಮ ಬಾಗಿಲಲ್ಲೇ ಪಟ್ಟಿ ಕಟ್ಟಿದ ಕೈಯಲ್ಲಿ ಸನ್ನೆ ಮಾಡಿ ವಾಪಸ್ ಕಳಿಸಿದ್ರು."

"ಅಪ್ಪನ ಹತ್ರ ಕೂದಲಿನ ದಪ್ಪ ಅಳೆಯೋ ಸಾಧನ ಇದೆ," ಎಂದಳು ಅವಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಒಂದು ಸಲ ಅಳೆದು ನೋಡೋಕೆ ಏನಾಗಿತ್ತು? ಇಪ್ಪತ್ತೇಳು ವರ್ಷ!" ಸಿಟ್ಟಿಗೆ ಅವಳ ನಡಿಗೆ ಬಿರುಸಾಯಿತು. "ಬನ್ನಿ. ಈಗಲೇ ಹಾಕಿ ಆ ತಗಡು. ಅಪ್ಪನ ಎದುರಿಗೇ ಹಾಕಿ. ಐದು ನಿಮಿಷದ ಕೆಲಸ ಅಂತ ಅವರಿಗೂ ಗೊತ್ತಾಗಲಿ."

*

ಮನೆಯಲ್ಲಿ ಜನ ಕರಗಿದ್ದರು. ತಂಗಿ ಅಡುಗೆಮನೆಯಲ್ಲಿ ತಟ್ಟೆಗಳನ್ನು ಜೋಡಿಸುತ್ತಿದ್ದಳು. ವಾಚಿನವರು ಓಣಿಯ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಪಂಕ್ಚರಣ್ಣ ಅಂಗಡಿಯಿಂದ ಸ್ಪ್ಯಾನರು, ಕತ್ತರಿ, ಪಾಲಿಶ್ ಡಬ್ಬಿಯಿಂದ ಕತ್ತರಿಸಿದ ತಗಡಿನ ಪಟ್ಟಿ ಹಿಡಿದು ಮಗಳ ಹಿಂದೆ ಬಂದವನು, ಅವರನ್ನು ಕಂಡು ಹಿಂಜರಿದ.

"ಬಿಚ್ಚಿ," ಎಂದಳು ಮಗಳು.

"ಏನು?" ಎಂದರು ವಾಚಿನವರು.

"ಸೀಟು ಸರಿ ಮಾಡಿಸ್ತಿದ್ದೀನಿ ಅಪ್ಪ."

ಅವರು ಸೈಕಲ್ಲಿನ ಕಡೆ ನೋಡಿದರು. ಏಳಲಿಲ್ಲ.

ಪಂಕ್ಚರಣ್ಣ ನಟ್ಟು ಸಡಿಲಿಸಿ ಸೀಟು ಎಳೆದ. ಅದು ಸುಲಭಕ್ಕೆ ಬರಲಿಲ್ಲ. ಎರಡು ಕೈ ಹಾಕಿ ತಿರುಗಿಸಿ ಎಳೆದಾಗ, ಸೀಸೆಯ ಬಿರಡೆ ಕಿತ್ತ ಹಾಗೆ ಬಂತು. ಅವನ ಹುಬ್ಬು ಮೇಲೇರಿತು. "ಜಾರೋ ಸೀಟು ಹೀಗೆ ಕಚ್ಕೊಂಡು ಇರೋದಿಲ್ವಲ್ಲ," ಎಂದು ಗೊಣಗುತ್ತ ಚೌಕಟ್ಟಿನ ರಂಧ್ರದೊಳಗೆ ಬೆರಳು ಹಾಕಿದ. ಒಳಗೆ ಏನೋ ಸಿಕ್ಕಿತು. ಉಗುರಿನಿಂದ ಎಬ್ಬಿಸಿ ಹೊರಗೆಳೆದ.

ಹಿತ್ತಾಳೆಯ ಪಟ್ಟಿ. ಕಾಗದದಷ್ಟು ತೆಳು. ಉಂಗುರದ ಹಾಗೆ ಬಾಗಿಸಿ, ಎರಡು ತುದಿ ಒಂದಕ್ಕೊಂದು ಮುಟ್ಟುವಂತೆ, ಅಂಚುಗಳನ್ನೆಲ್ಲ ಅರದಿಂದ ಉಜ್ಜಿ ನಯಮಾಡಿದ್ದು.

"ಇದು ನನ್ನ ಕೆಲಸ ಅಲ್ಲ," ಎಂದ ಪಂಕ್ಚರಣ್ಣ. ಅವನ ದನಿಯಲ್ಲಿ ಮೆಚ್ಚುಗೆಯಿತ್ತು. "ನನ್ನ ಕೈಗೆ ಇಷ್ಟು ನಾಜೂಕು ಬರೋದಿಲ್ಲ."

ಮಗಳು ಪಟ್ಟಿಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದಳು. ಕಾರ್ಖಾನೆಯಲ್ಲಿ ಬಾಟಲಿ ಹಿಡಿದು ನೋಡುವ ಹಾಗೆ, ಸುತ್ತಲೂ ತಿರುಗಿಸಿ ನೋಡಿದಳು. ಎಲ್ಲೂ ಒಂದು ಗೀರಿಲ್ಲ.

"ಅಪ್ಪ, ಇದು ಯಾವಾಗ ಹಾಕಿದ್ದು?"

"ಅವಳು ಬಿದ್ದ ವಾರ," ಎಂದರು ವಾಚಿನವರು. "ಗೋಡೆ ಗಡಿಯಾರದ ಹಿತ್ತಾಳೆ."

"ಹದಿನೈದು ವರ್ಷದಿಂದ ಇದು ಒಳಗಿದೆಯಾ?"

"ಹೂಂ."

"ಮತ್ತೆ ಸೀಟು ಹೇಗೆ ಇಳೀತಿತ್ತು?"

ತಂಗಿ ಕೈಯಲ್ಲಿ ಚೌಕ ಹಿಡಿದು ಬಾಗಿಲಿಗೆ ಬಂದಿದ್ದಳು. ಓಣಿಯ ಆಚೆ ಯಾರೋ ಗೇಟು ಮುಚ್ಚಿದ ಸದ್ದಾಯಿತು.

"ಇಳೀತಿರಲಿಲ್ಲ," ಎಂದರು ಅವರು. "ಕೈಯ ಪಟ್ಟಿ ಬಿಚ್ಚಿಸಿ ಕೆಲಸಕ್ಕೆ ಹೋಗೋಕೆ ಶುರು ಮಾಡಿದಳಲ್ಲ, ಎರಡು ಭಾನುವಾರ ಸೀಟು ಹಾಗೇ ನಿಂತಿತ್ತು. ಗಟ್ಟಿಯಾಗಿ. ಅವಳು ಬಂದು ಮುಟ್ಟಿ ನೋಡಿದಳು. 'ಸರಿಹೋಗಿದೆಯಲ್ರೀ' ಅಂದಳು. ಸ್ವಲ್ಪ ಹೊತ್ತು ಇಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಕೆಲಸ ಇದೆ ಅಂತ ಹೋದಳು. ನಾನೂ ಒಳಗೆ ಹೋದೆ."

ಅಷ್ಟು ಮಾತನ್ನು ಒಟ್ಟಿಗೆ ಆಡಿ ಅವರಿಗೆ ಅಭ್ಯಾಸವಿರಲಿಲ್ಲ. ಉಸಿರು ಎಳೆದುಕೊಂಡರು.

"ಮೂರನೇ ವಾರ ಶನಿವಾರ ಸಂಜೆ ನಾನೇ ಇಳಿಸಿಟ್ಟೆ. ನಾಲ್ಕು ಬೆರಳು. ಆಮೇಲೆ ಪ್ರತಿ ಶನಿವಾರ."

"ಯಾಕೋ ಅಣ್ಣಾ?" ಎಂದಳು ತಂಗಿ ಮೆಲ್ಲಗೆ.

"ಮಾರನೇ ದಿನ ಭಾನುವಾರ ಅಲ್ವಾ."

ಮಗಳಿಗೆ ಹಿಂದಿನ ಸಂಜೆ ನೆನಪಾಯಿತು. ಮನೆಯ ತುಂಬ ನೆಂಟರು, ಮುಂದಿನ ಕೋಣೆಯಲ್ಲಿ ಅಮ್ಮ. ಹತ್ತು ನಿಮಿಷ ಅಪ್ಪ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ತಲೆ ಸುತ್ತಿ ಎಲ್ಲಾದರೂ ಬಿದ್ದರೋ ಎಂದು ಅವಳು ಕೋಣೆಕೋಣೆ ಹುಡುಕಿದ್ದಳು.

"ನಿನ್ನೆನೂ ಇಳಿಸಿದ್ರಾ?"

"ನಿನ್ನೆನೂ."

ಅವಳು ಮೆಟ್ಟಿಲ ಮೇಲೆ, ಅಪ್ಪನ ಪಕ್ಕ ಕುಕ್ಕರಿಸಿದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ಪಂಕ್ಚರಣ್ಣನ ಕಡೆ ನೋಡಿದಳು. ಅವನು ತಲೆ ತಗ್ಗಿಸಿಕೊಂಡು ತಗಡಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಿದ್ದ.

"ಹೇಳಿ ಅಣ್ಣ," ಎಂದಳು. "ಆಣೆ ಮುಗೀತು ಈಗ."

ಪಂಕ್ಚರಣ್ಣ ಹೇಳಿದ. ಬೇಕರಿ ಸುಟ್ಟ ವರ್ಷದ ಮಾತು, ಮೀಟರಮ್ಮ ಕೈ ಹಿಡಿದು ಬೇಡವೆಂದದ್ದು, ಗೋಡೆಯ ಜೊತೆ ಮಾತಾಡಬೇಕಾಗುತ್ತದೆ ಎಂದದ್ದು. ಪಟ್ಟಿ ಕಟ್ಟಿದ ಕೈಯಲ್ಲಿ ಬಾಗಿಲಿಂದಲೇ ವಾಪಸು ಕಳಿಸಿದ್ದನ್ನೂ ಬಿಡಲಿಲ್ಲ.

ವಾಚಿನವರು ಕೇಳಿಸಿಕೊಂಡರು. "ಬೇಕರಿ ಸುಟ್ಟ ವರ್ಷ," ಎಂದರು. ಬೆರಳು ಮಡಿಸಿ ಎಣಿಸಿದರು. ಮತ್ತೆ ಎಣಿಸಿದರು. "ಬೀಳೋಕೆ ಮುಂಚೆ. ಐದು ವರ್ಷ ಮುಂಚೆ."

"ಹೌದು."

"ಗೊತ್ತಿತ್ತು ಅವಳಿಗೆ."

"ಗೊತ್ತಿತ್ತು."

ಅವರ ಗಂಟಲಿನಿಂದ ಕೆಮ್ಮಿನಂಥ ಒಂದು ಸದ್ದು ಬಂತು. ತಂಗಿ ಗಾಬರಿಯಿಂದ ನೀರು ತರಲು ಒಳಗೆ ಓಡಿದಳು. ಮಗಳು ಅಲುಗಾಡಲಿಲ್ಲ. ಅಪ್ಪನ ಹೆಗಲು ಕುಲುಕುತ್ತಿತ್ತು, ಸದ್ದು ಬರುಬರುತ್ತ ಬೇರೆಯದೇ ಆಗುತ್ತಿತ್ತು. ನಗುವಿನಿಂದ ಅಳುವಿಗೆ ಅದು ಎಲ್ಲಿ ತಿರುಗಿತೋ ಪಕ್ಕದಲ್ಲಿ ಕೂತಿದ್ದ ಅವಳಿಗೂ ತಿಳಿಯಲಿಲ್ಲ. ಅವಳು ಅವರ ಬೆನ್ನ ಮೇಲೆ ಕೈಯಿಟ್ಟಳು. ತಂಗಿ ನೀರಿನ ಲೋಟ ಹಿಡಿದು ಬಂದು ನಿಂತಳು, ಕೊಡಲಿಲ್ಲ.

ಬಹಳ ಹೊತ್ತಾದ ಮೇಲೆ ವಾಚಿನವರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು.

"ಮೂರನೇ ಬೀದೀಲಿ ಒಬ್ಬ ದರ್ಜಿ ಇದ್ದಾನೆ," ಎಂದರು.

ತಂಗಿ ಲೋಟವನ್ನು ಅವರ ಪಕ್ಕ ಮೆಟ್ಟಿಲ ಮೇಲಿಟ್ಟಳು.

"ಮೀಟರಿನ ಮೇಲೆ ಹೂಕುಂಡ ಇಡ್ತಿದ್ದ. ಇವಳು ಪ್ರತಿ ತಿಂಗಳು ಎತ್ತಿ ಪಕ್ಕಕ್ಕಿಡೋದು, ಅವನು ಮತ್ತೆ ಅಲ್ಲೇ ಇಡೋದು. ಒಂದು ತಿಂಗಳು ಇವಳೇನು ಮಾಡಿದಳು ಅಂದ್ರೆ…"

"ಇವತ್ತು ಬಂದಿದ್ನಲ್ಲ, ಹೂಕುಂಡ ತಂದಿದ್ದ ದಪ್ಪ ಮನುಷ್ಯ, ಅವನೇನಾ?" ಎಂದ ಪಂಕ್ಚರಣ್ಣ.

"ಅವನೇ. ತಡಿ, ಹೇಳ್ತೀನಿ."

ಪಂಕ್ಚರಣ್ಣ ಒಂದು ಬಕೆಟ್ಟು ಬೋರಲು ಹಾಕಿಕೊಂಡು ಕೂತ. ಮಗಳು ಮೊಣಕಾಲು ಅಪ್ಪಿಕೊಂಡು ಗೋಡೆಗೆ ಒರಗಿದಳು. ವಾಚಿನವರು ಹೇಳುತ್ತ ಹೋದರು, ದರ್ಜಿಯದು ಮುಗಿದ ಮೇಲೆ ಅವಳಿಗಳದ್ದು, ಅದು ಮುಗಿದ ಮೇಲೆ ಹಲ್ಲಿಲ್ಲದ ನಾಯಿಯದ್ದು. ಒಂದು ಸಲವೂ ಕಾಲಿಡದ ಬೀದಿಗಳ ಗೇಟುಗಳು, ಕಿಟಕಿಗಳು, ಜನರ ಜಗಳಗಳು ಅವರಿಗೆ ಒಂದೊಂದಾಗಿ ಗೊತ್ತಿದ್ದವು. ಬಿಸಿಲು ಎದುರು ಗೋಡೆಯ ಮೇಲೆ ಅರ್ಧ ಏರಿತು. ಒಳಗೆ ಬಡಿಸಿಟ್ಟ ಅನ್ನ ಆರುತ್ತಿತ್ತು, ಊಟಕ್ಕೆ ಕರೆಯಲು ಬಂದಿದ್ದ ತಂಗಿ ಬಾಗಿಲ ಚೌಕಟ್ಟಿಗೆ ಒರಗಿ ಕೇಳುತ್ತ ನಿಂತಿದ್ದಳು. ಅವರೆಲ್ಲರ ನಡುವೆ ಸೀಟಿಲ್ಲದ ಸೈಕಲ್ಲು ಗೋಡೆಗೆ ಆತುಕೊಂಡಿತ್ತು. ಅದನ್ನು ಕೂಡಿಸಲು ಯಾರಿಗೂ ಅವಸರವಿರಲಿಲ್ಲ.